ಟೆನ್ನಿಸ್ ಕ್ಲಬ್ಬಿನ ದಿನಚರಿಯೂ ತಂಡದ ಪಂದ್ಯಗಳೂ

ಚಿಮ್ಮಡ, ರಬಕವಿ, ಬನಹಟ್ಟಿ, ಜಮಖಂಡಿಗಳ ಕಡೆಯ ನಮಗೆ ಆಟವೆಂದೊಡನೆ ಮೊದಲು ನೆನಪಾಗುವದು ಗರಡಿಮನೆ. ಅಲ್ಲಿಯ ಮಟ್ಟಿಯ ಮಣ್ಣನ್ನು ಸೋಸಿ, ಎಣ್ಣೆ ಅರಿಸಿನಗಳನ್ನು ಬೆರಸಿ ಹದಗೊಳಿಸುವ ಕೆಲಸವು ಕುಸ್ತಿಯಷ್ಟೇ ಮಹತ್ವದ್ದೆಂದು ಊರಿನ ಹಿರಿಯರು ಹೇಳುತ್ತಾರೆ. ಟೆನ್ನಿಸ್ ಕ್ಲಬ್ಬೆಂಬ ಹೆಸರು ಕೇಳಿದಾಗ ಮಾತ್ರ ಅದು ಶ್ರೀಮಂತರ ಬಿಳಿಯ ಉಡುಪಿನ ಲೋಕವೆಂದು ಭಾವಿಸಿ ನಾವು ದೂರ ಸರಿಯುತ್ತೇವೆ. ಈ ಭಾವನೆಯು ಪೂರ್ತಿ ಸುಳ್ಳಲ್ಲ. ಆದರೆ ಒಳಹೊಕ್ಕು ನೋಡಿದರೆ ಕ್ಲಬ್ಬಿನ ಜೀವನವು ಗರಡಿಗೆ ಬಹಳ ಹತ್ತಿರವಾದದ್ದೆಂದು ವಾಚಕ ಭಗಿನಿಯರಿಗೆ ಕಂಡುಬರದೆ ಇರದು.

ಮೊದಲು ಮಣ್ಣಿನ ವಿಚಾರ. ನಮ್ಮ ಎರೆಭೂಮಿಯು ಮಳೆಗೆ ಉಬ್ಬಿ, ಬೇಸಗೆಗೆ ಬಿರಿಯುವದು; ಅದರ ಮೇಲೆ ನೇರವಾಗಿ ಅಂಗಣವನ್ನು ಮಾಡಿದರೆ ಒಂದು ವರ್ಷವೂ ನಿಲ್ಲದು. ಆದುದರಿಂದ ಎರೆಯನ್ನು ತೆಗೆದು, ಕಲ್ಲು ಗರಸುಗಳನ್ನು ತುಂಬಿ, ಅದರ ಮೇಲೆ ಜರಡಿ ಹಿಡಿದ ಕೆಮ್ಮಣ್ಣನ್ನು ಹರಡಿ, ನೀರು ಹಾಕಿ, ಉರುಳುಗಲ್ಲಿನಿಂದ ಒತ್ತಬೇಕಾಗುತ್ತದೆ. ದಕ್ಷಿಣ ಹಿಂದುಸ್ಥಾನದ ಹಲವು ಊರುಗಳಲ್ಲಿ ಹಿಂದೆ ಅಂಗಣಕ್ಕೆ ಮನೆಯಂಗಳದಂತೆಯೇ ಸಗಣಿ ಸಾರಿಸುತ್ತಿದ್ದರು. ಧೂಳು ಅಡಗಿ ಚೆಂಡು ಸಮನಾಗಿ ಪುಟಿಯುತ್ತಿತ್ತು. ಈಗ ಹೆಚ್ಚಾಗಿ ಸಿಮೆಂಟಿನ ಮೇಲೆ ಬಣ್ಣ ಬಳಿದ ಗಟ್ಟಿ ಅಂಗಣಗಳೇ ಬಂದಿವೆ. ಅವುಗಳಿಗೆ ಆರೈಕೆ ಕಡಿಮೆ, ಮೊಣಕಾಲಿಗೆ ಪೆಟ್ಟು ಹೆಚ್ಚು. ಅಂಗಣದ ಉದ್ದವು 78 ಅಡಿ. ಒಬ್ಬೊಬ್ಬರೇ ಆಡುವಾಗ ಅಗಲವು 27 ಅಡಿ, ಇಬ್ಬಿಬ್ಬರು ಕೂಡಿ ಆಡುವಾಗ 36 ಅಡಿ. ಬಲೆಯು ಗೂಟಗಳ ಹತ್ತಿರ ಮೂರೂವರೆ ಅಡಿ, ನಡುವೆ ಮೂರೇ ಅಡಿ ಎತ್ತರವಿರತಕ್ಕದ್ದು. ಅಳತೆಪಟ್ಟಿ ಇಲ್ಲದಿದ್ದರೆ ಆಟಗಾರರು ಒಂದು ರಾಕೆಟ್ಟನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಇನ್ನೊಂದನ್ನು ಅಡ್ಡಲಾಗಿ ಹಿಡಿದು ನೋಡುವರು: ಒಂದರ ಉದ್ದ ಇನ್ನೊಂದರ ಅಗಲ ಕೂಡಿ ಸುಮಾರು ಮೂರಡಿಯಾಗುತ್ತದೆ.

ದಿನಚರಿಯು ಬೆಳಕು ಹರಿಯುವ ಮೊದಲೇ ಆರಂಭವಾಗುವದು. ಅಂಗಣ ಕಾಯುವವನು ನೀರು ಚಿಮುಕಿಸಿ, ಸುಣ್ಣದಿಂದ ಗೆರೆ ಎಳೆದು, ಬಲೆ ಬಿಗಿಯುತ್ತಾನೆ. ಬೆಳಿಗ್ಗೆ ವಯಸ್ಸಾದವರು, ಶಾಲೆ ಬಿಟ್ಟ ಬಳಿಕ ಮಕ್ಕಳು, ಸಂಜೆಗೆ ನೌಕರಿ ಮುಗಿಸಿ ಬಂದವರು. ಚೆಂಡಿನ ಡಬ್ಬಿಯನ್ನು ಒಡೆದ ಮೇಲೆ ಕೆಲವೇ ವಾರಗಳಲ್ಲಿ ಅದರೊಳಗಿನ ಗಾಳಿಯ ಒತ್ತಡ ಇಳಿದು ಪುಟಿತ ಕುಗ್ಗುವದು. ಹೊಸ ಚೆಂಡು ಪಂದ್ಯಕ್ಕೆ, ಹಳೆಯದು ಅಭ್ಯಾಸಕ್ಕೆ, ಇನ್ನೂ ಹಳೆಯದು ಕಲಿಯುವ ಮಕ್ಕಳಿಗೆ, ಕೊನೆಗೆ ಓಣಿಯ ಕ್ರಿಕೆಟ್ಟಿಗೆ. ಹೀಗೆ ಒಂದು ಚೆಂಡು ನಾಲ್ಕು ಜನ್ಮವೆತ್ತುತ್ತದೆ.

ಕ್ಲಬ್ಬಿನ ಪಂದ್ಯಗಳಲ್ಲಿ ಸಾಮಾನ್ಯವಾಗಿ ಪಂಚರು ಇರುವದಿಲ್ಲವೆಂಬದು ಹೊಸಬರಿಗೆ ಆಶ್ಚರ್ಯವೆನಿಸಬಹುದು. ತನ್ನ ಪಾಲಿನ ಅಂಗಣದಲ್ಲಿ ಬಿದ್ದ ಚೆಂಡು ಒಳಗೋ ಹೊರಗೋ ಎಂಬದನ್ನು ಆಯಾ ಆಟಗಾರನೇ ಹೇಳಬೇಕು. ಸಂಶಯವುಂಟಾದರೆ ಅದರ ಲಾಭವು ಎದುರಾಳಿಗೆ ಸಲ್ಲಬೇಕು. ಗೆರೆಗೆ ತಾಕಿದ ಚೆಂಡನ್ನು ಹೊರಗೆಂದವನ ಹೆಸರು ಆ ಸಂಜೆಯೇ ಕ್ಲಬ್ಬಿನಲ್ಲೆಲ್ಲ ಹಬ್ಬುವದು. ಎಷ್ಟೋ ಆಟಗಾರರನ್ನು ಅವರ ಹೊಡೆತಕ್ಕಿಂತ ಈ ಒಂದು ಮಾತಿನಿಂದಲೇ ಜನರು ನೆನಪಿಡುತ್ತಾರೆ.

ಇನ್ನು ತಂಡದ ಪಂದ್ಯ. ಟೆನ್ನಿಸ್ ಒಂಟಿಯಾಗಿ ಆಡುವ ಆಟ. ಬಲ್ಲವನು ಬಲ್ಲವನೊಡನೆಯೇ ಆಡಬಯಸುವದರಿಂದ ದುರ್ಬಲನು ಮೂಲೆಗೆ ಬೀಳುವದು ಸಹಜ. ಇದಕ್ಕೆ ಮದ್ದು ತಂಡದ ಪಂದ್ಯವೇ ಎಂದು ನನ್ನ ಅಭಿಪ್ರಾಯ. ಎರಡು ಒಂಟಿ ಆಟ, ಒಂದು ಜೋಡಿ ಆಟ—ಇದು ಸಣ್ಣ ತಂಡಗಳಿಗೆ ಒಪ್ಪುವ ಕ್ರಮ. ಒಂಟಿ ಆಟ ಆಡಿದವರು ಜೋಡಿಗೆ ಇಳಿಯಕೂಡದೆಂದು ನಿಯಮವಿಟ್ಟರಂತೂ, ಒಂಟಿ ಆಟಗಳಲ್ಲಿ ಒಂದು ಗೆಲವು ಒಂದು ಸೋಲಾದಾಗ ಊರಿನ ಮಾನವೆಲ್ಲ ಮೂರನೆಯ ನಾಲ್ಕನೆಯ ಆಟಗಾರರ ಕೈಯಲ್ಲಿ ನಿಲ್ಲುವದು. ನಿನ್ನೆಯ ವರೆಗೆ ಯಾರೂ ಜತೆಗೆ ಕರೆಯದಿದ್ದ ಹುಡುಗಿಗೆ ಇಂದು ಕ್ಲಬ್ಬಿನ ಅತ್ಯುತ್ತಮ ಆಟಗಾರ್ತಿಯು ತಾನಾಗಿಯೇ ಚೆಂಡು ಹೊಡೆದು ಅಭ್ಯಾಸ ಮಾಡಿಸುತ್ತಾಳೆ. ಮೊದಲಿಬ್ಬರು ಗೆದ್ದೇ ಬಿಟ್ಟರೆ ಜೋಡಿ ಆಟವು ಬರಿಯ ಶಾಸ್ತ್ರಕ್ಕೆ ಉಳಿಯುವದು ನಿಜ. ಆದರೆ ಅದನ್ನು ಮುಂಚಿತವಾಗಿ ಬಲ್ಲವರಾರು?

ದೊಡ್ಡ ರಂಗದಲ್ಲಿಯೂ ಇದೇ ಕತೆ. ದೇಶದೇಶಗಳ ನಡುವಿನ ಡೇವಿಸ್ ಕಪ್ಪು 1900ರಲ್ಲಿ ಪ್ರಾರಂಭವಾಯಿತು. ಹಿಂದುಸ್ಥಾನವು 1921ರಲ್ಲಿ ಮೊದಲ ಸಲ ಅದರಲ್ಲಿ ಆಡಿತು. 1966ರಲ್ಲಿ ನಮ್ಮವರು ಅಂತಿಮ ಪಂದ್ಯ ಮುಟ್ಟಿ ಆಸ್ಟ್ರೇಲಿಯಕ್ಕೆ ಸೋತಾಗ, ನಮಗೆ ದೊರೆತ ಒಂದೇ ಗೆಲವು ರಾಮನಾಥನ್ ಕೃಷ್ಣನ್ ಹಾಗೂ ಜೈದೀಪ್ ಮುಖರ್ಜಿಯವರ ಜೋಡಿ ಆಟದ್ದು. 1974ರಲ್ಲಿ ಪುನಃ ಅಂತಿಮ ಪಂದ್ಯ ಮುಟ್ಟಿದಾಗ ಎದುರಾಳಿಯು ದಕ್ಷಿಣ ಆಫ್ರಿಕ. ಅಲ್ಲಿಯ ವರ್ಣಭೇದ ನೀತಿಯನ್ನು ವಿರೋಧಿಸಿ ನಮ್ಮ ದೇಶವು ಆಡಲೊಲ್ಲೆವೆಂದು ಕಪ್ಪನ್ನು ಬಿಟ್ಟುಕೊಟ್ಟಿತು. ವರ್ಷಗಟ್ಟಲೆ ದುಡಿದ ಆಟಗಾರರಿಗೆ ಇದು ಸಣ್ಣ ತ್ಯಾಗವಾಗಿರಲಿಲ್ಲ.

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಗಣದಲ್ಲಿ 2014ರ ಸಪ್ಟಂಬರದಲ್ಲಿ ಸರ್ಬಿಯದೊಡನೆ ನಡೆದ ಪಂದ್ಯವನ್ನು ಇಲ್ಲಿ ಹೇಳಲೇಬೇಕು. ಮೊದಲ ದಿನ ನಮ್ಮವರು ಎರಡೂ ಒಂಟಿ ಆಟಗಳನ್ನು ಸೋತರು. ಮರುದಿನದ ಜೋಡಿ ಆಟದಲ್ಲಿ ಲಿಯಾಂಡರ್ ಪೇಸ್ ಹಾಗೂ ಕೊಡಗಿನ ರೋಹನ್ ಬೋಪಣ್ಣನವರು ಮೊದಲೆರಡು ಸೆಟ್ಟುಗಳನ್ನು ಕಳಕೊಂಡು, ಉಳಿದ ಮೂರನ್ನೂ ಗೆದ್ದು ತಂಡದ ಉಸಿರು ಉಳಿಸಿದರು. ಬಳಿಕ ಸೋಮದೇವ್ ದೇವವರ್ಮನ್ ಗೆದ್ದು ಲೆಕ್ಕ ಸಮಮಾಡಿದರು. ಕೊನೆಯ ಆಟವು ಕೈತಪ್ಪಿ 3-2ರಿಂದ ಸೋಲಾಯಿತು. ಅದೇ ಬೋಪಣ್ಣನವರು 2024ರಲ್ಲಿ ತಮ್ಮ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯದ ಜೋಡಿ ಪ್ರಶಸ್ತಿಯನ್ನು ಗೆದ್ದರು.

ಸ್ತ್ರೀಯರಿಗೆ ಈ ಆಟವು ಹೊಸತೇನೂ ಅಲ್ಲ. ವಿಂಬಲ್ಡನ್ನಿನಲ್ಲಿ 1884ರಿಂದಲೇ ಅವರ ಸ್ಪರ್ಧೆ ನಡೆದಿದೆ. ಮೊದಲ ಪ್ರಶಸ್ತಿಯನ್ನು ಮಾಡ್ ವಾಟ್ಸನ್ ಗೆದ್ದದ್ದು ತನ್ನ ಸ್ವಂತ ಅಕ್ಕನನ್ನು ಸೋಲಿಸಿ! ನಮ್ಮ ದೇಶದ ಲೀಲಾ ರಾವ್ 1934ರಲ್ಲಿ ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ. ಸ್ತ್ರೀತಂಡಗಳ ವಿಶ್ವಸ್ಪರ್ಧೆಯು ಮಾತ್ರ 1963ರ ವರೆಗೆ ಕಾಯಬೇಕಾಯಿತು. ಈಗ ಬಿಲ್ಲಿ ಜೀನ್ ಕಿಂಗ್ ಕಪ್ಪೆಂದು ಕರೆಯಲ್ಪಡುವ ಆ ಸ್ಪರ್ಧೆಯ ಒಂದು ಸುತ್ತು 2025ರ ನವಂಬರದಲ್ಲಿ ಬೆಂಗಳೂರಿನಲ್ಲಿಯೇ ಜರುಗಿತು. ಅದರ ಕ್ರಮವೂ ಎರಡು ಒಂಟಿ, ಒಂದು ಜೋಡಿ.

ಬೆಂಗಳೂರು ದೂರವೆಂದರೆ ಧಾರವಾಡವು ಹತ್ತಿರವಿದೆ. ಅಲ್ಲಿಯ ಅಂಗಣಗಳಲ್ಲಿ 2023ರಲ್ಲಿ ಪರದೇಶದ ಆಟಗಾರರೂ ಬಂದು ಆಡಿದರು. ನಮ್ಮ ಕಡೆಯ ಹುಡುಗಿಯರಿಗೆ ಖೋಖೋ ಅಂಗಣ ಸುಲಭವಾಗಿ ಸಿಕ್ಕೀತು, ಗರಡಿಯ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು, ಟೆನ್ನಿಸ್ ಅಂಗಣವಂತೂ ಕಣ್ಣಿಗೆ ಬೀಳುವದೇ ಅಪರೂಪ. ಆದರೂ ಒಂದು ಶಾಲೆಗೆ ಬೇಕಾಗುವದು ಇಷ್ಟೇ: ಗರಸು ತುಂಬಿದ ಒಂದು ತುಂಡು ನೆಲ, ಎರಡು ಗೂಟ, ಒಂದು ಬಲೆ, ದೊಡ್ಡ ಕ್ಲಬ್ಬಿನವರು ಬಿಟ್ಟ ಹಳೆಯ ಚೆಂಡುಗಳು, ನಾಲ್ಕು ರಾಕೆಟ್ಟು. ನಾಲ್ವರು ಹುಡುಗಿಯರಾದರೆ ಒಂದು ತಂಡ. ನೆರೆಯೂರಿನಲ್ಲಿ ಇನ್ನು ನಾಲ್ವರು ದೊರೆತ ದಿನ ಪಂದ್ಯವನ್ನು ಗೊತ್ತುಮಾಡಬಹುದು. ಅಂದಿನ ಬೆಳಿಗ್ಗೆ ನೀರು ಚಿಮುಕಿಸಿ ಗೆರೆ ಎಳೆಯುವ ಪಾಳಿಯು ಯಾರದೆಂಬದನ್ನು ಮಾತ್ರ ಮೊದಲೇ ನಿಶ್ಚಯಿಸಿಕೊಂಡಿರಬೇಕು.