ಅಂಟಿನ ಆವಿಗೆ ಮುಪ್ಪಾದ ತಂತಿ

ವಿಕಿರಣ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಅದನ್ನು ಪತ್ತೆಹಚ್ಚುವ ಹಳೆಯ ಉಪಾಯವೊಂದು ಬಲು ಸರಳ: ಒಂದು ಕೊಳವೆ, ಅದರ ನಟ್ಟನಡುವೆ ಕೂದಲಿಗಿಂತ ತೆಳುವಾದ ಲೋಹದ ತಂತಿ, ಒಳಗೆ ಒಂದಿಷ್ಟು ಅನಿಲ. 1928ರಲ್ಲಿ ಬಂದ ಗೀಗರ್-ಮ್ಯೂಲರ್ ಕೌಂಟರ್ ಇದೇ. ಒಂದೇ ಪೆಟ್ಟಿಗೆಯಲ್ಲಿ ಸಾಲುಸಾಲು ತಂತಿ ಬಿಗಿದು ಇದನ್ನು ಕಣಗಳ ಜಾಡು ಹಿಡಿಯುವ ಸಾಧನವಾಗಿ ಬೆಳೆಸಿದ ಜಾರ್ಜ್ ಶಾರ್ಪಾಕ್ ಅವರಿಗೆ 1992ರ ನೊಬೆಲ್ ಬಹುಮಾನ ಸಂದಿತು.

ಇದು ಕೆಲಸ ಮಾಡುವುದು ಹೇಗೆ? ಒಳನುಗ್ಗಿದ ಕಿರಣ ಅನಿಲದ ಅಣುಗಳಿಂದ ಕೆಲವು ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತದೆ. ಅವು ಧನ ವಿದ್ಯುದಂಶವಿರುವ ತಂತಿಯತ್ತ ಧಾವಿಸುತ್ತವೆ. ತಂತಿ ತೆಳುವಾಗಿದ್ದಷ್ಟೂ ಅದರ ಬಳಿ ಸೆಳೆತ ಜೋರು. ಅಲ್ಲಿ ಒಂದು ಎಲೆಕ್ಟ್ರಾನ್ ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಸಾವಿರಾರು ಆಗಿ ತಂತಿಗೆ ಬಡಿಯುತ್ತವೆ. ಆಗ ಹುಟ್ಟುವ ಮಿಡಿತವೇ ‘ಕಿರಣ ಬಂತು’ ಎಂಬ ಸುದ್ದಿ.

ತೊಂದರೆಯೂ ಅಲ್ಲೇ ಶುರು. ಆ ನೂಕುನುಗ್ಗಲಿನಲ್ಲಿ ಅನಿಲದಲ್ಲಿರುವ ಕಲ್ಮಶದ ಅಣುಗಳೂ ಒಡೆಯುತ್ತವೆ. ಒಡೆದ ಚೂರುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಒಗ್ಗರಣೆ ಬಾಣಲೆಯ ಅಂಚಿನ ಜಿಡ್ಡಿನಂತೆ ತಂತಿಗೆ ಮೆತ್ತಿಕೊಳ್ಳುತ್ತವೆ. ತಂತಿ ದಪ್ಪವಾದರೆ ಸೆಳೆತ ತಗ್ಗುತ್ತದೆ, ಮಿಡಿತ ಕ್ಷೀಣಿಸುತ್ತದೆ. ಇದನ್ನೇ ವಿಜ್ಞಾನಿಗಳು ಶೋಧಕದ ‘ಮುಪ್ಪು’ ಎನ್ನುತ್ತಾರೆ. ಕೊಳವೆಯ ಗೋಡೆಗೆ ಪೊರೆ ಕಟ್ಟಿದರಂತೂ ಇನ್ನೂ ವಿಚಿತ್ರ. ಕಿರಣ ನಿಂತರೂ ವಿದ್ಯುತ್ ಹರಿಯುತ್ತಲೇ ಇರುತ್ತದೆ! ಇದರ ಹಿಂದಿರುವ ‘ಮಾಲ್ಟರ್ ಪರಿಣಾಮ’ ವರದಿಯಾದದ್ದು 1936ರಲ್ಲಿ.

ಕಲ್ಮಶ ಬರುವುದಾದರೂ ಎಲ್ಲಿಂದ? ಸಿಲಿಂಡರಿನ ಅನಿಲದಿಂದಲೇ ಆಗಬೇಕೆಂದಿಲ್ಲ. ಅನಿಲ ಸಾಗಿಸುವ ಪ್ಲಾಸ್ಟಿಕ್ ಕೊಳವೆ, ರಬ್ಬರ್ ಬಳೆ, ಗ್ರೀಸ್ ಯಾವುದೂ ಆದೀತು. ಸಿಲಿಕೋನ್ ಎಣ್ಣೆಯಂತೂ ಕಡುವೈರಿ. ಅದರ ಆವಿ ಲೇಶಮಾತ್ರವಿದ್ದರೂ ಸಾಕು, ತಂತಿಯ ಮೇಲೆ ಮೀಸೆ ಚಿಗುರುತ್ತದೆ.

ಈ ಪಾಠವನ್ನು ಚೆನ್ನಾಗಿ ಬಲ್ಲವರೇ ಎಡವಿದ ಪ್ರಸಂಗವೊಂದಿದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿಬಿ ಪ್ರಯೋಗಕ್ಕಾಗಿ ಸುಮಾರು 54 ಸಾವಿರ ತೆಳು ಕೊಳವೆಗಳ ಶೋಧಕ ಸಿದ್ಧವಾಯಿತು. ಬಳಸುವ ವಸ್ತುಗಳನ್ನು ಮೊದಲೇ ಭಾರೀ ವಿಕಿರಣದಲ್ಲಿ ಪರೀಕ್ಷಿಸಿ ‘ಪಾಸು’ ಮಾಡಲಾಗಿತ್ತು. ಆದರೆ ಪೂರ್ಣಗೊಂಡ ಪೆಟ್ಟಿಗೆಗಳ ಮೇಲೆ ಸಾಧಾರಣ ವಿಕಿರಣ ಹಾಯಿಸಿದಾಗ ಕೆಲವೇ ಗಂಟೆಗಳಲ್ಲಿ ಮಿಡಿತ ಕುಗ್ಗತೊಡಗಿತು. ವರ್ಷಗಟ್ಟಲೆಯ ದುಡಿಮೆ ನೀರುಪಾಲಾಗುವ ಭಯ.

ಸುಳಿವು ಕೊಟ್ಟದ್ದು ಒಂದು ಒಗಟು. ವಿಕಿರಣ ಅತಿ ಹೆಚ್ಚು ಬಿದ್ದ ಜಾಗದಲ್ಲಿ ತಂತಿ ಹೆಚ್ಚು ಕೆಟ್ಟಿರಲಿಲ್ಲ. ಅನಿಲ ಹರಿದು ಬರುವ ದಿಕ್ಕಿನಲ್ಲಿ, ತುಸು ಆಚೆಗೆ, ಕೆಟ್ಟಿತ್ತು. ಅನಿಲ ಮುಂದೆ ಹರಿದುಹೋಗುವ ಕಡೆ ತಂತಿ ಸುರಕ್ಷಿತ! ವಿಕಿರಣ ಬಿದ್ದಲ್ಲಿ ಓಜೋನ್ ಹುಟ್ಟುತ್ತಿತ್ತು. ಅದು ಅನಿಲದೊಡನೆ ಹರಿದು, ಹೋದಲ್ಲೆಲ್ಲ ಜಿಡ್ಡು ಕಟ್ಟದಂತೆ ಕಾಯುತ್ತಿರಬೇಕು ಎಂಬ ಊಹೆ ಮೂಡಿತು. ಅಪರಾಧಿ ಯಾರು? ಪೆಟ್ಟಿಗೆಗಳನ್ನು ಜೋಡಿಸಿದ ಎಪಾಕ್ಸಿ ಅಂಟು. ಅದನ್ನು ಮೃದುವಾಗಿಸಲು ಬೆರೆಸಿದ್ದ ಸಂಯುಕ್ತವೊಂದು ಒಣಗಿದ ಮೇಲೂ ಆವಿಯಾಗಿ ಹೊರಬರುತ್ತಿತ್ತು.

ಅಂಟನ್ನು ಕೀಳುವಂತಿಲ್ಲ. ಪೆಟ್ಟಿಗೆಗಳನ್ನು ಬೆಚ್ಚಗಿಟ್ಟು, ತಾಜಾ ಅನಿಲ ಹಾಯಿಸಿ ಆವಿಯನ್ನು ಆದಷ್ಟು ಹೊರದಬ್ಬಿದರು. ಜೊತೆಗೆ ಆರ್ಗಾನ್ ಮತ್ತು ಇಂಗಾಲದ ಡೈ ಆಕ್ಸೈಡ್ ಮಿಶ್ರಣಕ್ಕೆ ಶೇಕಡಾ 1.5ರಷ್ಟು ಆಮ್ಲಜನಕ ಸೇರಿಸಿದರು. ಇಲ್ಲೊಂದು ತಮಾಷೆ ಇದೆ. ಆಮ್ಲಜನಕ ಎಲೆಕ್ಟ್ರಾನುಗಳನ್ನು ನುಂಗುತ್ತದೆಂದು ಇಂಥ ಶೋಧಕಗಳಿಂದ ಅದನ್ನು ದೂರವಿಡುವುದೇ ವಾಡಿಕೆ. ಇಲ್ಲಿ ಅದೇ ಮದ್ದಾಯಿತು. ಹೆಚ್ಚು ಆಮ್ಲಜನಕ, ಹೆಚ್ಚು ಓಜೋನ್! ನೀರಾವಿ, ಮದ್ಯಸಾರದಂಥ ‘ಕಲ್ಮಶ’ಗಳನ್ನೂ ಬೇಕೆಂದೇ ಬೆರೆಸುವ ರೂಢಿ ಬೇರೆ ಪ್ರಯೋಗಗಳಲ್ಲಿದೆ. ಅನಿಲ ಅತಿ ಶುದ್ಧವಾಗಿದ್ದರೆ ಸಾಕು ಎಂಬ ಮಾತು ಪೂರ್ತಿ ನಿಜವಲ್ಲ.

2010ರಲ್ಲಿ ದಾಖಲೆ ಆರಂಭಿಸಿದ ಆ ಶೋಧಕ 2018ರ ತನಕ ದುಡಿಯಿತು. ಮುಂದೆ ಕಣಗಳ ದಟ್ಟಣೆ ಹೆಚ್ಚಲಿದ್ದುದರಿಂದ ಅದನ್ನು ಕಳಚಿ, ಬೆಳಕು ಚೆಲ್ಲುವ ಎಳೆಗಳ ಹೊಸ ಶೋಧಕವನ್ನು ಕೂರಿಸಲಾಯಿತು.