ಬ್ರೌನ್ ವೈರಿಗೊಂದು ಕಾವಲು

ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿ ಬ್ಯಾಟರಿಯ ಕಡೆಯಿಂದ ಹುಡುಕುತ್ತ ಹೋದರೆ, ಟೇಪು ಸುತ್ತಿದ ಕಟ್ಟಿನೊಳಗೆ ನುಗ್ಗಿ ಮರೆಯಾಗುವ ದಪ್ಪನೆಯ ಕಂದು ವೈರು ಸಿಗುತ್ತದೆ. ಗ್ಯಾರೇಜಿನವರ ಬಾಯಲ್ಲಿ ಅದು ‘ಬ್ರೌನ್ ವೈರ್’. ಸೆಲ್ಫ್ ಮೋಟಾರೊಂದನ್ನು ಬಿಟ್ಟರೆ, ಬ್ಯಾಟರಿಯಿಂದ ಹೊರಡುವ ಮತ್ತು ಬ್ಯಾಟರಿಗೆ ಸೇರುವ ಕರೆಂಟೆಲ್ಲ ಓಡಾಡುವುದು ಇದರಲ್ಲೇ. ಇಷ್ಟು ಹೊರೆ ಹೊರುವ ಈ ವೈರಿಗೆ ಫ್ಯೂಸೇ ಇಲ್ಲ.

ಅದು ಆ ಕಾಲದ ರೂಢಿ. ಬ್ರಿಟಿಷ್ ಕಾರುಗಳ ಲ್ಯೂಕಾಸ್ ಕಂಪನಿಯ ಫ್ಯೂಸ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು 35 ಆಂಪಿಯರಿನ ಎರಡು ಗಾಜಿನ ಫ್ಯೂಸು ಮಾತ್ರ. ಹೆಡ್‌ಲೈಟಿಗೂ ಕಾವಲಿರಲಿಲ್ಲ. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲೇ ಹುಟ್ಟಿದ ಅಂಬಾಸಿಡರ್‌ಗೂ ಆ ಕಾರುಗಳ ವೈರಿನ ಬಣ್ಣಗಳ ಲಿಪಿ ಬಂತು. ಕಂದು ಎಂದರೆ ನೇರ ಬ್ಯಾಟರಿ, ಬಿಳಿ ಎಂದರೆ ಇಗ್ನಿಷನ್, ಹಸಿರು ಎಂದರೆ ಕೀ ತಿರುಗಿಸಿದ ಮೇಲೆ ಫ್ಯೂಸ್ ದಾಟಿ ಬಂದದ್ದು, ನೇರಳೆ ಎಂದರೆ ಸದಾ ಜೀವಂತವಾಗಿದ್ದರೂ ಫ್ಯೂಸಿನ ಹಿಂದೆ ಇರುವುದು, ಕಪ್ಪು ಎಂದರೆ ಅರ್ತ್. ಅರವತ್ತು ವರ್ಷದ ಧೂಳು, ಎಣ್ಣೆ, ಬಿಸಿಲು ತಿಂದು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದರೂ ಪಳಗಿದ ಎಲೆಕ್ಟ್ರಿಷಿಯನ್ ಟೇಪು ಬಿಚ್ಚಿ, ಒಳಗಿನ ಮಾಸದ ತುಣುಕು ನೋಡಿ ಯಾವುದು ಎಲ್ಲಿಗೆ ಹೋಗುತ್ತದೆಂದು ಹೇಳಬಲ್ಲ. ಈ ಓದುಗಾರಿಕೆಯೇ ಈ ಕಸುಬಿನ ಮುಕ್ಕಾಲು ಪಾಲು.

ಬೆಂಗಳೂರಿನ ನಾಗರಬಾವಿಯ ರಿಂಗ್ ರೋಡಿನಲ್ಲಿ ಹಳೆ ಕಾರು ಓಡಿಸುವವರಿಗೆ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಏಕೆ ಸಾಲದು ಎಂದು ಬಿಡಿಸಿ ಹೇಳಬೇಕಿಲ್ಲ. ನಾಯಂಡಹಳ್ಳಿ ಜಂಕ್ಷನ್ನಿನಲ್ಲೋ ಸುಮನಹಳ್ಳಿಯಲ್ಲೋ ಸಂಜೆ ಸಿಕ್ಕಿಕೊಂಡರೆ ಎಂಜಿನ್ ನಿಧಾನಗತಿಯಲ್ಲಿ ತಿರುಗುತ್ತಿರುತ್ತದೆ. ಆ ವೇಗದಲ್ಲಿ ಡೈನಮೋ ಬಹುಮಟ್ಟಿಗೆ ಚಾರ್ಜ್ ಮಾಡುವುದೇ ಇಲ್ಲ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿನುಗತೊಡಗುತ್ತದೆ. ಲ್ಯೂಕಾಸ್ ಸಿ40 ಡೈನಮೋ ಪೂರ್ತಿ ವೇಗದಲ್ಲಿ ಕೊಡುವುದೇ 22 ಆಂಪಿಯರ್. 60 ವ್ಯಾಟಿನ ಎರಡು ಹ್ಯಾಲೊಜನ್ ಬಲ್ಬು ಹಾಕಿಸಿದರೆ ಅವೇ 10 ಆಂಪಿಯರ್ ನುಂಗುತ್ತವೆ. ಅದರ ಮೇಲೆ ವೈಪರ್, ಹಾರನ್, ಬ್ರೇಕ್ ಲೈಟು. ಹಾಗಾಗಿ ಡೈನಮೋ ಜಾಗಕ್ಕೆ ಆಲ್ಟರ್ನೇಟರ್.

ಅಮೆರಿಕದಲ್ಲಿ ಕ್ರೈಸ್ಲರ್ ಸಂಸ್ಥೆ 1960ರ ಮಾದರಿಯ ವೇಲಿಯಂಟ್ ಕಾರಿನಲ್ಲೇ ಆಲ್ಟರ್ನೇಟರ್ ಕೊಟ್ಟಿತ್ತು. ಇಲ್ಲಿ ಅದು ಮನೆಮಾತಾಗಲು ಇನ್ನೂ ಬಹಳ ವರ್ಷ ಬೇಕಾಯಿತು. ಆ ನಡುವಿನ ದಶಕಗಳಲ್ಲಿ ಕಾರ್ಬನ್ ಬ್ರಷ್ ಬದಲಿಸುವುದು, ಆರ್ಮೇಚರ್ ಸುತ್ತುವುದು, ಕಟೌಟಿನ ಪಾಯಿಂಟು ಉಜ್ಜುವುದು ಇವನ್ನೇ ನಂಬಿ ಎಷ್ಟೋ ಅಂಗಡಿಗಳು ಬದುಕಿದವು.

ಡೈನಮೋ ಇಳಿಸಿ ಆಲ್ಟರ್ನೇಟರ್ ಕೂರಿಸುವುದು ಸ್ಪ್ಯಾನರಿನ ಕೆಲಸ. ಎಡವಟ್ಟಾಗುವುದು ಆಮೇಲೆ, ಹಳೇ ವೈರನ್ನೇ ಹೊಸ ಯಂತ್ರಕ್ಕೆ ಕೊಟ್ಟಾಗ. 22 ಆಂಪಿಯರಿಗೆಂದು ಎಳೆದ ವೈರಿನಲ್ಲಿ 45 ಆಂಪಿಯರ್ ಹರಿದರೆ ವೈರು ಕಾಯುತ್ತದೆ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಎಲ್ಲೋ ಒಂದು ಕಡೆ ಬಾಡಿಗೆ ತಾಗುತ್ತದೆ. ಹಳೆಯ ಜೀಪುಗಳಂತೆ ಆಂಪ್ ಮೀಟರ್ ಇರುವ ಗಾಡಿಯಲ್ಲಂತೂ ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಹಿಂದಿನ ಎರಡು ಪುಟ್ಟ ನಟ್ಟುಗಳ ಮೂಲಕ ಹಾಯಬೇಕು. ಮುತುವರ್ಜಿಯ ಕೆಲಸಗಾರರು ಆ ದಾರಿಯನ್ನೇ ಬಿಡುತ್ತಾರೆ. ಆಲ್ಟರ್ನೇಟರಿನ ಕರೆಂಟ್ ಹೊರಬರುವ ಬಿ-ಪ್ಲಸ್ ಬೋಲ್ಟಿನಿಂದ ಸೆಲ್ಫ್ ಸ್ವಿಚ್ಚಿನ ಬ್ಯಾಟರಿ ತುದಿಗೆ 10 ಚದರ ಮಿಲಿಮೀಟರಿನ ಹೊಸ ತಾಮ್ರದ ವೈರು, ಎರಡೂ ಕಡೆ ಒತ್ತಿ ಕೂರಿಸಿದ ಲಗ್ಗು, ಮೇಲೆ ಸ್ಲೀವು. ಆಂಪ್ ಮೀಟರಿನ ಜಾಗಕ್ಕೆ ವೋಲ್ಟ್ ಮೀಟರ್.

ಫ್ಯೂಸು ಎಲ್ಲಿರಬೇಕು ಎಂಬ ಪ್ರಶ್ನೆಗೆ ಹಲವರು ಆಲ್ಟರ್ನೇಟರಿನ ಪಕ್ಕ ಎಂದುಬಿಡುತ್ತಾರೆ. ಇರಬೇಕಾದ್ದು ಬ್ಯಾಟರಿಯ ಕಡೆ. ಆಲ್ಟರ್ನೇಟರ್ ತನ್ನ ಮಿತಿ ಮೀರಿ ಹೆಚ್ಚೇನೂ ಕೊಡಲಾರದು. ಶಾರ್ಟ್ ಆದಾಗ ನೂರಾರು ಆಂಪಿಯರ್ ಸುರಿಯುವುದು ಬ್ಯಾಟರಿ. ವೈರು ಉಜ್ಜಿ ಬಾಡಿಗೆ ತಾಗಿದರೂ, ಆಲ್ಟರ್ನೇಟರಿನೊಳಗಿನ ಡಯೋಡ್ ಸುಟ್ಟು ಅಡ್ಡದಾರಿ ತೆರೆದರೂ ಬೆಂಕಿ ಹೊರಡುವುದು ಆ ಕಡೆಯಿಂದಲೇ. ಫ್ಯೂಸು ಕಾಯುವುದು ಮೊದಲು ವೈರನ್ನು. 45 ಆಂಪಿಯರಿನ ಆಲ್ಟರ್ನೇಟರಿಗೆ 60ರ ಬೋಲ್ಟ್ ಫ್ಯೂಸು, 60ಕ್ಕೂ ಮಿಗಿಲಾಗಿ ತಾಳುವ ವೈರು: ಅಳತೆ ಈ ಕ್ರಮದಲ್ಲೇ ಏರಬೇಕು. ಚಿಕ್ಕ ಫ್ಯೂಸ್ ಹಾಕಿದರೆ ಇನ್ನೊಂದು ಅಪಾಯವಿದೆ. ಎಂಜಿನ್ ಓಡುತ್ತಿರುವಾಗ ಅದು ಕಡಿದರೆ ಬ್ಯಾಟರಿಯ ಆಸರೆ ತಪ್ಪಿ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡುಗಳು ಸಾಯುತ್ತವೆ. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಗಾಡಿ ಎಬ್ಬಿಸುವ ಹಳೆಯ ಚಾಳಿಯನ್ನು ಈ ಕಸುಬು ಪೂರ್ತಿ ಮರೆಯಬೇಕು. ಎಷ್ಟೋ ಒಳ್ಳೆಯ ಕಾರುಗಳ ವೈರಿಂಗ್ ಅದರಿಂದಲೇ ಕರಕಲಾಗಿದೆ.

ಕೆಂಪು ದೀಪದ್ದು ಬೇರೆಯೇ ಕಥೆ. ಅದು ಬರೀ ಎಚ್ಚರಿಕೆಯ ದೀಪವಲ್ಲ. ಕೀ ತಿರುಗಿಸಿದಾಗ ಆ ಪುಟ್ಟ ಬಲ್ಬಿನ ಮೂಲಕ ಹಾಯುವ ಚೂರು ಕರೆಂಟೇ ಆಲ್ಟರ್ನೇಟರಿನ ರೋಟರನ್ನು ಅಯಸ್ಕಾಂತವಾಗಿಸಿ ಕೆಲಸಕ್ಕೆ ಹಚ್ಚುತ್ತದೆ. ಬಲ್ಬು ಹೋದರೆ ಚಾರ್ಜಿಂಗೂ ಹೋದೀತು. ಅಂದಕ್ಕೆಂದು ಎಲ್‌ಇಡಿ ಹಾಕಿಸಿಕೊಂಡು ‘ಚಾರ್ಜಿಂಗ್ ಇಲ್ಲ’ ಎಂದು ಬರುವ ಕಾರಿಗೆ ಹೊಸ ಆಲ್ಟರ್ನೇಟರ್ ಮಾರುವ ಮುನ್ನ ಬಲ್ಬಿನ ಕಡೆ ನೋಡುವವನೇ ನಿಜವಾದ ಎಲೆಕ್ಟ್ರಿಷಿಯನ್.

ಮಾರಿಸ್ ಮೈನರ್‌ನಂಥ ಕಾರುಗಳಲ್ಲಿ ಕಾರಿನ ಬಾಡಿಗೆ ಜೋಡಿಸಿರುವುದು ಬ್ಯಾಟರಿಯ ಪ್ಲಸ್ ತುದಿ. ಅದನ್ನು ಮೈನಸ್‌ಗೆ ತಿರುಗಿಸದೆ ಆಲ್ಟರ್ನೇಟರ್ ಜೋಡಿಸಿದರೆ ಡಯೋಡುಗಳು ಆ ಕ್ಷಣವೇ ಹೋಗುತ್ತವೆ. ಕೆಲಸ ಮುಗಿದ ಮೇಲೆ ಪರೀಕ್ಷೆ ಸರಳ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಹೆಡ್‌ಲೈಟ್ ಉರಿಸಿ ಬಿ-ಪ್ಲಸ್ ಬೋಲ್ಟಿಗೂ ಬ್ಯಾಟರಿಯ ಪ್ಲಸ್‌ಗೂ ಮೀಟರ್ ಹಿಡಿದಾಗ ವ್ಯತ್ಯಾಸ ಅರ್ಧ ವೋಲ್ಟಿನ ಹತ್ತಿರ ಬಂದರೆ ಎಲ್ಲೋ ಜೋಡಣೆ ಸರಿಯಿಲ್ಲ.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಆದರೆ ಬೀದಿಯಲ್ಲಿ ಓಡುವ ಹಳೆ ಕಾರಿನ ಚೆಲುವು ಬೇರೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ತಂದಿತು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಎಪ್ಪತ್ತರ ದಶಕದ ಮೊದಲ ಪದ್ಮಿನಿ ಕಾರುಗಳು ಈಗ ಆ ವಯಸ್ಸಿಗೆ ಬಂದಿವೆ. ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಕಾಗದಪತ್ರಕ್ಕೆ ದಾರಿಯಾಯಿತು, ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಇನ್ನೂ ದಕ್ಕೀತು. ಟೇಪು ಬಿಚ್ಚಿ ಬಣ್ಣ ಓದುವುದನ್ನು ಕಲಿಯಲು ಮಾತ್ರ ಹುಡುಗರು ಬರುತ್ತಿಲ್ಲ. ಬರುವವರಿಗೆ ಕಂಪ್ಯೂಟರ್ ಸ್ಕ್ಯಾನರ್ ಹಿಡಿಯುವ ಆಸೆ, ಅದು ಸಹಜವೂ ಹೌದು. ಪಶ್ಚಿಮ ಬೆಂಗಳೂರಿನ ಹಳೆ ಕಾರುಗಳ ಮಾಲೀಕರು ಈಗಲೇ ಮಾಡಬಹುದಾದ ಒಂದು ಕೆಲಸವಿದೆ: ತಮ್ಮ ಕಾರಿನ ವೈರಿಂಗ್ ಬಿಚ್ಚುವ ದಿನ ಪಕ್ಕದಲ್ಲಿ ಕಲಿಯುವ ಹುಡುಗನೊಬ್ಬ ಇರಲಿ ಎಂದು ಕೇಳುವುದು, ಅವನ ದಿನಗೂಲಿಯನ್ನೂ ಬಿಲ್ಲಿಗೆ ಸೇರಿಸಿ ಕೊಡುವುದು.