ಮೊಟ್ಟೆ ಎಲ್ಲಿಡಬೇಕು? ಮಲೆನಾಡ ಕಪ್ಪೆಗಳು ಕಂಡುಕೊಂಡ ದಾರಿಗಳು

ವಿಜ್ಞಾನದ ಪಠ್ಯಪುಸ್ತಕದಲ್ಲಿ ಕಪ್ಪೆಯ ಬದುಕಿಗೆ ಒಂದೇ ಚಿತ್ರ: ನೀರಿನಲ್ಲಿ ಮೊಟ್ಟೆ, ಬಾಲದ ಗೊದಮೊಟ್ಟೆ, ಕಾಲು ಮೂಡಿದ ಮರಿ, ಕೊನೆಗೆ ದಡಕ್ಕೆ ನೆಗೆದ ಕಪ್ಪೆ. ಸಿದ್ದಾಪುರ ತಾಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಆ ಚಿತ್ರವನ್ನು ಬೋರ್ಡಿನ ಮೇಲೆ ಬರೆದಾದ ಮೇಲೆ ಮಕ್ಕಳಿಗೆ ಹೇಳುತ್ತೇನೆ: ಇದು ಗದ್ದೆಯ ಗೋಂಕರು ಕಪ್ಪೆಯ ಕಥೆ, ನಮ್ಮ ಕಾನಿನ ಕಪ್ಪೆಗಳದ್ದು ಬೇರೆಯೇ ಇದೆ.

ಕಪ್ಪೆಯ ಮೊಟ್ಟೆಗೆ ಗಟ್ಟಿ ಚಿಪ್ಪಿಲ್ಲ. ಬಯಲಿಗಿಟ್ಟರೆ ಒಣಗುತ್ತದೆ, ನೀರಿಗೆ ಬಿಟ್ಟರೆ ಮೀನು, ಏಡಿ, ನೀರುಹುಳುಗಳ ಪಾಲಾಗುತ್ತದೆ. ಹಾಗಾದರೆ ಎಲ್ಲಿಡಬೇಕು? ಕಪ್ಪೆ ಕುಳಿತು ಯೋಚಿಸಿದ್ದಲ್ಲ. ಅಪ್ಪ ಅಮ್ಮನ ನಡೆಯಲ್ಲಿ ಹುಟ್ಟಿನಿಂದಲೇ ಇದ್ದ ಸಣ್ಣ ವ್ಯತ್ಯಾಸದಿಂದ ಯಾವ ಮೊಟ್ಟೆಗಳು ಉಳಿದವೋ ಅವುಗಳ ಸಂತತಿ ಬೆಳೆಯಿತು. ಆ ನಡೆಯೂ ಸಂತತಿಯ ಜೊತೆ ಇಳಿದು ಬಂತು. ಜೀವವಿಕಾಸವೆಂದರೆ ಇದೇ. ಲಕ್ಷಾಂತರ ವರ್ಷಗಳ ಈ ಆಯ್ಕೆಯ ಫಲವನ್ನು ನಮ್ಮ ಹಳ್ಳಗಳ ದಂಡೆಯಲ್ಲೇ ನೋಡಬಹುದು.

ನಮ್ಮ ತಾಲೂಕಿನ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನೇ ನೋಡಿ. ಹೆಣ್ಣು ಹಳ್ಳದ ನೀರಿನಿಂದ ಮೇಲಿರುವ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲಿನ ಕೆಲಸ ಗಂಡಿನದು. ಅದು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಹಸಿಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆ ಒಣಗದಂತೆ, ಶತ್ರುವಿನ ಕಣ್ಣಿಗೆ ಬೀಳದಂತೆ ಈ ಮಣ್ಣಿನ ಹೊದಿಕೆ ಕಾಯುತ್ತದೆ ಎಂಬುದು ತಜ್ಞರ ಊಹೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿಜ್ಞಾನಕ್ಕೆ ಪರಿಚಯಿಸಿದರು. ನಮ್ಮೂರ ಪಕ್ಕದ ಕಾಡಿನ ಜೀವಿಗೆ ಹೆಸರು ಸಿಕ್ಕಿದ್ದೇ ನಿನ್ನೆ ಮೊನ್ನೆ ಎಂದಾಗ ಮಕ್ಕಳ ಕಣ್ಣು ಅರಳುತ್ತದೆ.

ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳ ನಡುವೆ ನೊರೆಗೂಡು ಕಟ್ಟುತ್ತದೆ. ಮರಿಗಳು ಮೊಟ್ಟೆಯೊಡೆದು ಕೆಳಗಿನ ನೀರಿಗೆ ಉದುರುತ್ತವೆ. ಇಂಡಿರಾನಾ ಕುಲದ ಗೊದಮೊಟ್ಟೆಗಳು ನೀರು ಜಿನುಗುವ ಬಂಡೆಯ ಮೇಲೆಯೇ ತೆವಳಿ ಬೆಳೆಯುತ್ತವೆ. ಹೊಸ ದಾರಿ ಮೊಟ್ಟೆಯ ವಿಷಯದಲ್ಲಷ್ಟೇ ಅಲ್ಲ: ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆಯಲ್ಲಿ ಗಂಡು ಹಿಂಗಾಲು ಚಾಚಿ ಬೀಸಿ ಸನ್ನೆ ಮಾಡುತ್ತದೆ, ಏಕೆಂದರೆ ಹರಿಯುವ ನೀರಿನ ಸದ್ದಿನಲ್ಲಿ ಬರೀ ಕೂಗು ಸಾಲದು. 1937ರಲ್ಲಿ ಅದನ್ನು ಗುರುತಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು.

ಅವರ ನೆನಪಿಗೆ 2010ರಲ್ಲಿ ಒಂದು ಕುಲಕ್ಕೇ ರಾವೊರ್ಕೆಸ್ಟಿಸ್ ಎಂದು ಹೆಸರಿಟ್ಟರು. ಇವು ಪೊದೆಗಪ್ಪೆಗಳು, ಗೊದಮೊಟ್ಟೆಯ ಹಂತವನ್ನೇ ಬಿಟ್ಟವು. ಮೊಟ್ಟೆಯೊಳಗಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಕೆರೆಯ ಹಂಗಿಲ್ಲದ್ದರಿಂದ ಇವು ಬೆಟ್ಟದ ನೆತ್ತಿಗೂ ಏರಿದವು. ಆದರೆ ತಂಪು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಹೋಗಬೇಕೆಂದರೆ ನಡುವಿನ ಬಿಸಿ, ಒಣ ಕಣಿವೆ ದಾಟಬೇಕು. ದಾಟಲಾಗದೆ ಬೇರ್ಪಟ್ಟ ಗುಂಪುಗಳು ದೀರ್ಘಕಾಲ ತಮ್ಮ ತಮ್ಮಲ್ಲೇ ಸಂತಾನ ಬೆಳೆಸಿ, ಕೂಗು ಬದಲಾಗಿ, ಬಣ್ಣ ಬದಲಾಗಿ, ಬೇರೆ ಬೇರೆ ಪ್ರಭೇದಗಳಾದವು. ಈ ಕುಲದಲ್ಲಿ ಇಂದು 60ಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ಪಶ್ಚಿಮ ಘಟ್ಟದವೇ.

ಇಷ್ಟು ನಿರ್ದಿಷ್ಟವಾಗಿ ಒಂದು ಜಾಗಕ್ಕೆ ಒಗ್ಗಿದ ಜೀವಕ್ಕೆ ಅಪಾಯವೂ ಹೆಚ್ಚು. ಜಗತ್ತಿನ ಉಭಯಚರ ಪ್ರಭೇದಗಳಲ್ಲಿ ಶೇ. 41ರಷ್ಟು ಅಳಿವಿನಂಚಿನತ್ತ ಸಾಗಿವೆ ಎಂದು 2023ರ ಜಾಗತಿಕ ಸಮೀಕ್ಷೆ ಹೇಳಿದೆ. ಕುಂಬಾರ ಕಪ್ಪೆಗೆ ಬೇಕಾದದ್ದು ದೊಡ್ಡ ಅಭಯಾರಣ್ಯವೊಂದೇ ಅಲ್ಲ. ನೀರಿಗೆ ಬಾಗಿದ ಕಡ್ಡಿ ಮತ್ತು ದಂಡೆಯ ಹಸಿಮಣ್ಣು. ದಂಡೆಯ ಪೊದೆ ಸವರಿ ಕಾಂಕ್ರೀಟ್ ಗೋಡೆ ಕಟ್ಟಿದ ದಿನ ಅದಕ್ಕೆ ಎರಡೂ ಇಲ್ಲ.

ಆದ್ದರಿಂದ ಅಡಿಕೆ ತೋಟದ ಹಿರಿಯರಲ್ಲಿ, ಗೆಳೆಯರಲ್ಲಿ ನನ್ನ ಕೋರಿಕೆ: ಹಳ್ಳದ ಎರಡೂ ಬದಿಯ ಗಿಡಗಂಟಿಯನ್ನು ಹಾಗೇ ಬಿಡಿ. ಬೇಸಿಗೆಯಲ್ಲಿ ಪಂಪ್ ಹಚ್ಚುವಾಗ ಹಳ್ಳ ಪೂರ್ತಿ ಬತ್ತದಂತೆ ನೋಡಿಕೊಳ್ಳಿ. ದಂಡೆಯ ಬೇರು ಮಣ್ಣು ಹಿಡಿದರೆ ತೋಟಕ್ಕೂ ಒಳ್ಳೆಯದು, ಲಕ್ಷಾಂತರ ವರ್ಷಗಳಿಂದ ಇಲ್ಲಿ ಬಾಳಿದ ಕಪ್ಪೆಗೂ ಒಳ್ಳೆಯದು.